ಹೆಣ ಎತ್ತದ ಅಂಜಿನಮ್ಮ... ಬಾಗಿಲು ತೆಗೆಯದ ಆಚಾರ್ರು

ಓದಿ, ಕೈ ಮುಗಿದ ಇಮೋಜಿ ಹಾಕಿ ಮುಂದೆ ಹೋಗುವವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿಬಿಡಿ... ಇದು ಅಂಥ ಕಥೆಯಲ್ಲ.

"ಹೆಣ ಎತ್ತಮ್ಮ... ಮಂತ್ರಿಗಳು ಬರೋ ಹೊತ್ತಾಯ್ತು."

ಪುರಸಭೆಯ ಚೀಫ್ ಆಫೀಸರ್ ಬೆಳಗಿನಿಂದ ಇದೊಂದೇ ಮಾತು ಹೇಳುತ್ತಿದ್ದರು. ಅಂಜಿನಮ್ಮ ತಲೆ ಎತ್ತಿಯೂ ನೋಡಲಿಲ್ಲ.

ಪೇಟೆ ಬೀದಿಯ ನಡುವೆ, ವೆಂಕಟರಮಣನ ಗುಡಿಯ ಎದುರಿಗೇ, ಗಂಡ ಓಬಳೇಶನ ಹೆಣ ಇಟ್ಟುಕೊಂಡು ಕೂತಿದ್ದಳು.

ಅವತ್ತು ಗುಡಿಯ ಹೊಸ ಗೋಪುರದ ಉದ್ಘಾಟನೆ. ಹಿಂದಿನ ದಿನ ಗುಡಿ ಮುಂದಿನ ಮ್ಯಾನ್‌ಹೋಲ್ ಕಟ್ಟಿಕೊಂಡು ಗಲೀಜೆಲ್ಲ ರಸ್ತೆಗೆ ಹರಿದಿತ್ತು...

ಮಂತ್ರಿಗಳ ಮೂಗಿಗೆ ವಾಸನೆ ಬಡಿಯಬಾರದಲ್ಲ. ಕಾಂಟ್ರಾಕ್ಟರ್ ಓಬಳೇಶನ ಸೊಂಟಕ್ಕೆ ಹಗ್ಗ ಕಟ್ಟಿ ಗುಂಡಿಯೊಳಗೆ ಇಳಿಸಿದ. ವಿಷಗಾಳಿ ಕುಡಿದ ಓಬಳೇಶ ಹೆಣವಾಗಿ ಮೇಲೆ ಬಂದ.

ಮನುಷ್ಯರನ್ನು ಗುಂಡಿಗೆ ಇಳಿಸಬಾರದು ಅಂತ ಕಾನೂನಿದೆ. ಕಾನೂನು ಪುಸ್ತಕದಲ್ಲಿತ್ತು... ಹೆಣ ಬೀದಿಯಲ್ಲಿತ್ತು.

ಪೋಸ್ಟ್‌ಮಾರ್ಟಂ ಆಗಿ ಆಸ್ಪತ್ರೆಯಿಂದ ಹೆಣ ತರುತ್ತಿದ್ದ ಆಂಬುಲೆನ್ಸನ್ನು ಅಂಜಿನಮ್ಮ ಇಲ್ಲೇ ನಿಲ್ಲಿಸಿದ್ದಳು. "ಇಲ್ಲೇ ಸತ್ತ. ಇಲ್ಲೇ ಇಳಿಸಿ" ಅಂದಿದ್ದಳು.

ಗುಂಡಿ ಇನ್ನೂ ಕಟ್ಟಿಕೊಂಡೇ ಇತ್ತು. ಹೆಣ ಎತ್ತಿದ ಕೂಡಲೇ ಇಳಿಸೋಣ ಅಂತ ಕಾಂಟ್ರಾಕ್ಟರ್ ಇನ್ನೊಬ್ಬನನ್ನು ಕರೆಸಿದ್ದ. ಯಾರನ್ನು ಗೊತ್ತೇ?

ಓಬಳೇಶನ ಸ್ವಂತ ತಮ್ಮ ತಿಪ್ಪೇಶನನ್ನು... ಇಳಿಯಲ್ಲ ಅಂದರೆ ಅವನ ಕೆಲಸ ಹೋಯಿತು.

ಅಣ್ಣನನ್ನು ಕಟ್ಟಿದ್ದ ಅದೇ ಹಗ್ಗ ಹಿಡಿದು ಅವನು ಗೋಡೆಗೆ ಒರಗಿ ನಿಂತಿದ್ದ. ಅಂಜಿನಮ್ಮ ಕೂತದ್ದು ಸತ್ತ ಗಂಡನಿಗಾಗಿ ಅಲ್ಲ... ಬದುಕಿರುವ ಮೈದುನನಿಗಾಗಿ.

"ಪರಿಹಾರ ಕೊಡಿಸ್ತೀವಮ್ಮ" ಅಂದರು ಆಫೀಸರ್.

"ಪರಿಹಾರ ಗುಂಡಿಗೆ ಇಳಿಯುತ್ತಾ ಸಾರ್? ಮೆಷಿನ್ ತರ್ಸಿ. ಮೆಷಿನ್ ಬಂದ ಮೇಲೆ ಎತ್ತುತೀನಿ."

"ಅದಕ್ಕೆ ಬಜೆಟ್ ಇಲ್ಲಮ್ಮ."

ಮಂತ್ರಿಗಳ ಕಾರು ಬರುವ ರಸ್ತೆಗೆ ರಾತ್ರೋರಾತ್ರಿ ಡಾಂಬರು ಬಳಿಯಲು ಮಾತ್ರ ಬಜೆಟ್ ಇತ್ತು ನೋಡಿ.

ಕೊನೆಗೆ ಆಫೀಸರ್ ಅದೇ ಬೀದಿಯ ಮೂವರು ಹಿರಿಯರನ್ನು ಕರೆತಂದರು. ಗುಡಿಯ ಅರ್ಚಕ ವರದಾಚಾರ್ರು, ಮಸೀದಿಯ ಉಸ್ತುವಾರಿ ನೋಡುವ ಮುತವಲ್ಲಿ ಬಾಬಾಜಾನ್ ಸಾಬ್ರು, ಚರ್ಚಿನ ಫಾದರ್ ಚೌರಪ್ಪ.

"ಬೀದೀಲಿ ಹೆಣ ಇದ್ರೆ ಗುಡಿ ಬಾಗಿಲು ತೆಗೆಯೋ ಹಾಗಿಲ್ಲಮ್ಮ" ಅಂದರು ಆಚಾರ್ರು, ಮೆತ್ತಗೆ. "ದೇವರಿಗಿನ್ನೂ ನೈವೇದ್ಯ ಆಗಿಲ್ಲ. ನಾವು ಮೂವರೂ ನಿನ್ನ ಗಂಡನಿಗಾಗಿ ಪ್ರಾರ್ಥನೆ ಮಾಡ್ತೀವಿ..."

ಆಗ ಅಂಜಿನಮ್ಮ ತಲೆ ಎತ್ತಿದಳು.

"ಹೋದ ವರ್ಷ ಮಾರೆಪ್ಪ ಹಿಂಗೇ ಸತ್ತಾಗ್ಲೂ ಮೂರು ಕಡೇನೂ ಪ್ರಾರ್ಥನೆ ಮಾಡಿದ್ರಿ ಸ್ವಾಮಿ. ಅದನ್ನ ಕೇಳಿ ದೇವರೇನು ಗುಂಡಿಗೆ ಇಳೀಲಿಲ್ಲ... ನನ್ನ ಗಂಡ ಇಳಿದ."



ಇನ್ನು ಬೈಗುಳವೇ ಬರುವುದು ಅಂದುಕೊಂಡಳು ಅಂಜಿನಮ್ಮ. ಆಚಾರ್ರು ಅವಳನ್ನು ಬಿಟ್ಟು ಆಫೀಸರ ಕಡೆ ತಿರುಗಿದರು.

"ಬೀದೀಲಿ ಹೆಣ ಇದ್ರೆ ಬಾಗಿಲು ತೆಗೆಯೋ ಪದ್ಧತಿ ಇಲ್ಲ."

"ಅದಕ್ಕೇ ಸ್ವಾಮಿ, ಎತ್ತೋಕೆ ಹೇಳಿ ಅಂದಿದ್ದು..."

"ಯಾವಾಗ ಎತ್ತಬೇಕು ಅನ್ನೋದು ಹೆಣದ ಕಡೆಯವರಿಗೆ ಬಿಟ್ಟಿದ್ದು. ಆಯಮ್ಮ ಮೆಷಿನ್ ಬಂದ ಮೇಲೆ ಅಂತಾಳೆ. ಹಾಗಾದ್ರೆ ಬಾಗಿಲೂ ಮೆಷಿನ್ ಬಂದ ಮೇಲೇನೇ."

"ಮಂತ್ರಿಗಳು ಬಂದುಬಿಟ್ರೆ?"

"ಮುಚ್ಚಿದ ಬಾಗಿಲಿಗೇ ಕೈ ಮುಗೀಲಿ" ಅಂದವರೇ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಸಾಬ್ರು ಮಸೀದಿಯಿಂದ ಫ್ರೀಜರ್ ಬಾಕ್ಸ್ ತರಿಸಿದರು. "ಬಿಸಿಲು ಏರ್ತಿದೆ, ಇದರಲ್ಲಿ ಮಲಗಿಸೋಣ. ನಮಗೇನೂ ಅರ್ಜೆಂಟಿಲ್ಲ ಸಾರ್."

ಫಾದರ್ ಹೋಗಿ ಚರ್ಚಿನ ಸಾವಿನ ಗಂಟೆ ಶುರು ಮಾಡಿಸಿ ಬಂದರು... ಒಂದೊಂದೇ ಪೆಟ್ಟು. ಅಂಗಡಿಯವರೆಲ್ಲ ಬೀದಿಗೆ ಬಂದು ನಿಂತರು.

ಕಾಂಟ್ರಾಕ್ಟರನ ತಾಳ್ಮೆ ಕೆಟ್ಟಿತು. "ಹೆಣ ಅದರ ಪಾಡಿಗಿರಲಿ, ನೀನು ಇಳಿಯೋ" ಎಂದು ತಿಪ್ಪೇಶನ ರಟ್ಟೆ ಹಿಡಿದು ಎಳೆದ. ಗುಂಡಿಯ ಮುಚ್ಚಳ ಎತ್ತಲು ಹಾರೆ ಬಂತು.

ಅಂಜಿನಮ್ಮ ಏಳುವಷ್ಟರಲ್ಲಿ...

ಮಡಿ ಪಂಚೆಯ ಆಚಾರ್ರು, ಪೌರಕಾರ್ಮಿಕರು ಎದುರಾದರೆ ಮಾರು ದೂರ ಸರಿದು ಹೋಗುತ್ತಿದ್ದ ಅದೇ ಆಚಾರ್ರು, ಹರಿಯುವ ಗಲೀಜಿನಲ್ಲಿ ನಡೆದು ಹೋಗಿ ಮುಚ್ಚಳದ ಮೇಲೆ ಕೂತುಬಿಟ್ಟರು.

ಬಿಳಿ ಪಂಚೆ ಕಪ್ಪಾಯಿತು. ಮಂಡಿನೋವಿನ ಸಾಬ್ರು ಅವರ ಹೆಗಲು ಹಿಡಿದು ಮೆಲ್ಲಗೆ ಪಕ್ಕದಲ್ಲಿ ಕೂತರು. ಫಾದರ್ ನಿಲುವಂಗಿ ಮೇಲೆತ್ತಿ ಕಟ್ಟಿ ಇನ್ನೊಂದು ಪಕ್ಕ ಕೂತರು.

"ಈಗ ಇಳಿಸಪ್ಪ" ಅಂದರು ಆಚಾರ್ರು.

ಹಿಂದಿನ ದಿನದಿಂದ ಒಂದು ಹನಿ ಕಣ್ಣೀರು ಹಾಕದಿದ್ದ ಅಂಜಿನಮ್ಮ ಆಗ ಬೀದಿಗೆಲ್ಲ ಕೇಳುವ ಹಾಗೆ ಅತ್ತಳು. ತಿಪ್ಪೇಶ ಹಗ್ಗ ಬಿಸಾಕಿ ಬಂದು ಅತ್ತಿಗೆಯ ಪಕ್ಕ ಕೂತ.

ಬಜೆಟ್ಟೇ ಇಲ್ಲದ ಮೆಷಿನ್ ಮಧ್ಯಾಹ್ನದೊಳಗೆ ಜಿಲ್ಲಾ ಕೇಂದ್ರದಿಂದ ಬಂತು.

"ಈಗಲಾದರೂ ಎತ್ತಮ್ಮ" ಅಂದರು ಆಫೀಸರ್.

ಅಂಜಿನಮ್ಮ ಕಣ್ಣೊರೆಸಿಕೊಂಡಳು. "ಮಂತ್ರಿಗೋಸ್ಕರ ಬಂದದ್ದು ಮಂತ್ರಿ ಜೊತೆಗೇ ಹೋಗುತ್ತೆ ಸಾರ್. ಇಲ್ಲೇ ಇರೋ ಮೆಷಿನ್ ಬೇಕು."

ಮೂವರು ಹಿರಿಯರೂ ಅಲ್ಲಾಡಲಿಲ್ಲ. ಮಂತ್ರಿಗಳು ಮೂಗಿಗೆ ಕರವಸ್ತ್ರ ಹಿಡಿದು ಅಲ್ಲಿಗೇ ಬರಬೇಕಾಯಿತು. ಊರಿಗೇ ಸ್ವಂತ ಮೆಷಿನ್, ಕಾಂಟ್ರಾಕ್ಟರ್ ಮೇಲೆ ಕೇಸು, ಇನ್ನು ಯಾರೂ ಗುಂಡಿಗೆ ಇಳಿಯುವ ಹಾಗಿಲ್ಲ... ಊರೆಲ್ಲ ನೋಡುತ್ತಿದ್ದ ಹಾಗೇ ಆರ್ಡರಿಗೆ ಸಹಿ ಬಿತ್ತು.

ಆಮೇಲೆ ಅಂಜಿನಮ್ಮನೇ ಹೇಳಿದಳು... "ಎತ್ತಿ."

ಆ ಮೆಷಿನ್ನನ್ನು ಈಗ ತಿಪ್ಪೇಶ ಓಡಿಸುತ್ತಾನೆ. ತಾಲ್ಲೂಕಿನಲ್ಲಿ ಎಲ್ಲಾದರೂ ಮನುಷ್ಯರನ್ನು ಗುಂಡಿಗೆ ಇಳಿಸುತ್ತಾರೆ ಅಂತ ಸುದ್ದಿ ಬಂದರೆ ಸಾಕು, ಚರ್ಚಿನ ಗಂಟೆ ಮೊಳಗುತ್ತದೆ, ಮೂವರೂ ಹೊರಡುತ್ತಾರೆ.

ಪಕ್ಕದ ಊರಿನವರು ಆಚಾರ್ರನ್ನು ಕೇಳಿದರಂತೆ, ನಿಮಗೆ ಅಷ್ಟು ಧೈರ್ಯ ಎಲ್ಲಿಂದ ಬಂತು ಅಂತ.

"ದೇವರ ಬಾಗಿಲು ತೆಗೆಯೋದನ್ನ ನಮ್ಮಪ್ಪ ಕಲಿಸಿದ್ರು" ಅಂದರು ಅವರು. "ಯಾವಾಗ ಮುಚ್ಚಬೇಕು ಅನ್ನೋದನ್ನ ಆ ಹೆಣ್ಣುಮಗಳು ಕಲಿಸಿದಳು."

ಸತ್ತವನಿಗಾಗಿ ಕೈ ಮುಗಿಯುವುದು ಸುಲಭ... ಇನ್ನೊಬ್ಬ ಸಾಯದ ಹಾಗೆ ಅಡ್ಡ ಕೂರುವುದೇ ನಿಜವಾದ ಪ್ರಾರ್ಥನೆ.

ನಿಮ್ಮ ಬೀದಿಯ ಗುಂಡಿ ಕಟ್ಟಿಕೊಂಡಾಗ ಒಳಗೆ ಇಳಿಯುವವರು ಯಾರು... ಒಂದು ಸಲವಾದರೂ ಕೇಳಿದ್ದೀರಾ?