ನಾಲ್ಕೆಳೆ ಜಡೆ

ಮಗಳ ಜಡೆ ಹಿಡಿದು ಗಂಗೋತ್ರಿ ಮೂಸಿದಳು. ಹರಳೆಣ್ಣೆ. ಬೆಳಿಗ್ಗೆ ಇವಳು ಮೂರೆಳೆ ಹೆಣೆದು ಅಪ್ಪನ ಮನೆಗೆ ಕಳಿಸಿದ್ದ ಕೂದಲು ಸಂಜೆಗೆ ನಾಲ್ಕೆಳೆಯಾಗಿ, ಇರುವೆ ನುಸುಳಲೂ ಜಾಗವಿಲ್ಲದಂತೆ ಬಿಗಿದುಕೊಂಡು ಬಂದಿತ್ತು.

“ಯಾರು ಹಾಕಿದ್ರು?”

“ಹೇಳಬ್ಯಾಡ ಅಂದಾರ,” ಎಂದಳು ಏಳು ವರ್ಷದ ಸ್ಫೂರ್ತಿ. “ಹೇಳಿದ್ರ ಐಸ್‌ಕ್ರೀಂ ಬಂದ್.”

ಅವಳಪ್ಪ ಹುಲಿಗೇಶ ಸಂಡೂರಿನ ಗಣಿಯಲ್ಲಿ ಟಿಪ್ಪರ್ ಓಡಿಸುವವನು. ಅಂಗಿಯ ಗುಂಡಿ ಸರಿಯಾದ ಕಾಜಕ್ಕೆ ಸೇರಿದರೆ ಅವನ ಬೆರಳಿಗೆ ಅದೇ ದೊಡ್ಡ ಸಾಧನೆ. ಈ ಜಡೆ ಅವನದಲ್ಲ. ಅವನ ಮನೆಯಲ್ಲಿ ಯಾವಳೋ ಇದ್ದಾಳೆ.

ವಿಚ್ಛೇದನವಾಗಿ ಒಂದು ವರ್ಷ. ಮಗಳು ತಾಯಿಯ ಹತ್ತಿರ, ಭಾನುವಾರ ಮಾತ್ರ ಅಪ್ಪನ ಹತ್ತಿರ, ತಿಂಗಳಿಗೆ ಆರು ಸಾವಿರ ಜೀವನಾಂಶ ಎಂದು ಕೋರ್ಟು ಹೇಳಿತ್ತು. ದುಡ್ಡು ಒಂದು ತಿಂಗಳೂ ತಪ್ಪಿರಲಿಲ್ಲ. ಗಂಗೋತ್ರಿಗೆ ಸಿಟ್ಟು ಬರಿಸಿದ್ದೇ ಅದು. ತಪ್ಪಿದ್ದರೆ ಬೈಯಲು ಒಂದು ಕಾರಣವಾದರೂ ಇರುತ್ತಿತ್ತು.

ಹೊಸಪೇಟೆಯ ವಕೀಲ ಮರಿಸ್ವಾಮಿಗೆ ಫೋನು ಮಾಡಿದಳು.

“ಒಂದು ವಿಡಿಯೊ ತರ್ರೀ ಅಕ್ಕಾರ. ಭಾನುವಾರ ಕಳ್ಸೋದು ನಿಲ್ಸಾಕ ಅರ್ಜಿ ಹಾಕೋಣು. ಆಕಿಗೂ ಖರ್ಚು ಮಾಡ್ತಾನಂದ್ರ ಜೀವನಾಂಶನೂ ಏರ್ಸಾಕ ಕೇಳೋಣು.”

ಗಂಗೋತ್ರಿ ಈಗಿದ್ದ ಮಲಪನಗುಡಿಯ ತವರುಮನೆಯಲ್ಲಿ ಅವಳ ತಾಯಿ ಶಾಂತಕ್ಕನೂ ಹುಲಿಗೇಶನನ್ನು ದಿನಾ ಬೈಯುತ್ತಿದ್ದಳು. ಕತ್ತೆ, ಸೋಮಾರಿ, ಮೀಸೆ ಬಂದ ಕೂಸು. ಆದರೆ ಅವನ ಹೆತ್ತವರ ತಂಟೆಗೆ ಮಾತ್ರ ಹೋಗುತ್ತಿರಲಿಲ್ಲ. ಅಷ್ಟು ಸಂಯಮದ ಅತ್ತೆಯನ್ನು ಊರು ಕಂಡಿರಲಿಲ್ಲ. ಭಾನುವಾರ ಅವನ ಬೈಕು ಬರುವ ಮುಂಚೆಯೇ ಮಂಡಿನೋವಿಗೆ ಎಣ್ಣೆ ತಿಕ್ಕಿಸಿಕೊಳ್ಳಲು ಕಂಪ್ಲಿಗೆ ಹೊರಟುಬಿಡುತ್ತಿದ್ದಳು.

“ಆ ಮಾರಿ ಯಾರು ನೋಡ್ತಾರ,” ಎನ್ನುತ್ತಿದ್ದಳು.

ಮುಂದಿನ ಭಾನುವಾರ ಶಾಂತಕ್ಕ ಎಂದಿನಂತೆ ಹೋದಳು. ಹುಲಿಗೇಶ ಬಂದು ಮಗಳನ್ನು ಕೂರಿಸಿಕೊಂಡು ಹೋದ. ಗಂಗೋತ್ರಿ ಯಾರಿಗೂ ಹೇಳದೆ ಹಿಂದೆಯೇ ಬಂದ ಬಸ್ಸು ಹತ್ತಿದಳು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಬಿಟ್ಟ ಗಂಡನ ಬೆನ್ನು ಹತ್ತುವುದಕ್ಕೂ ಖರ್ಚಿಲ್ಲ.

ಬುಕ್ಕಸಾಗರದಲ್ಲಿ ಇಳಿದಳು. ದಾರಿ ಕೇಳಬೇಕಾಗಿರಲಿಲ್ಲ, ಮದುವೆಗೆ ಎಷ್ಟೋ ಮೊದಲೇ ಅವಳಿಗೆ ಆ ಮನೆ ಗೊತ್ತಿತ್ತು. ಬಾಗಿಲು ಚಿಲಕ ಹಾಕದೆ ಮುಂದೆ ಮಾಡಿತ್ತು. ಒಳಗೆ ಬಳೆ ಸದ್ದು.

“ಇನ್ನೊಂದು ರೊಟ್ಟಿ ಹಾಕು,” ಎಂದ ಹುಲಿಗೇಶ, ಹಕ್ಕಿನಿಂದ.

 ಗಂಗೋತ್ರಿ ಮೊಬೈಲಿನಲ್ಲಿ ವಿಡಿಯೊ ಚಾಲು ಮಾಡಿ ಬಾಗಿಲು ತಳ್ಳಿದಳು.

ಅವನು ರೊಟ್ಟಿ ಬಾಯಿಗಿಟ್ಟುಕೊಂಡವನು ಹಾಗೇ ಕಲ್ಲಾದ. ಒಲೆಯ ಪಕ್ಕ ಒಬ್ಬ ಹೆಂಗಸು ಬೆನ್ನು ಹಾಕಿ ಕುಳಿತು, ಸ್ಫೂರ್ತಿಯ ನಾಲ್ಕನೇ ಎಳೆ ಎಳೆಯುತ್ತಿದ್ದಳು. ಬಾಚಣಿಗೆ ಹಲ್ಲಲ್ಲಿ ಕಚ್ಚಿಕೊಂಡೇ ತಿರುಗಿದಳು.

ಶಾಂತಕ್ಕ.

“ಅವ್ವಾ,” ಎಂದಳು ಗಂಗೋತ್ರಿ. ಮೊಬೈಲು ಇನ್ನೂ ಓಡುತ್ತಲೇ ಇತ್ತು. “ಡೈವೋರ್ಸ್ ಆದ ಮ್ಯಾಲೆ ಇವನ ಮನ್ಯಾಗ ನಿಂದೇನು ಕೆಲಸ?”

ಶಾಂತಕ್ಕ ಬಾಚಣಿಗೆ ತೆಗೆದು, ಸೆರಗು ಸರಿಮಾಡಿಕೊಂಡು, ಕ್ಯಾಮೆರಾದ ಕಡೆ ನೆಟ್ಟಗೆ ನೋಡಿದಳು.

“ಡೈವೋರ್ಸ್ ಕೊಟ್ಟಾಕಿ ನೀನು. ಇವ ನನ್ನ ಒಡಹುಟ್ಟಿದ ತಮ್ಮ, ನಾ ಕೊಟ್ಟಿಲ್ಲ.”