ನಡೆದು ತೋರಿಸಿದ ಹುಡುಗಿ

ಯಲ್ಲಮ್ಮ ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಿದ್ದಾಗ ಪಕ್ಕದ ಮನೆಯ ಅಂಕಮ್ಮ ಪಾಯಸದ ಲೋಟ ಹಿಡಿದು ಬಾಗಿಲಿಗೆ ಬಂದಳು. "ನಮ್ ಸಿದ್ದಂಗೆ ಅಂಗವಿಕಲರ ಪಿಂಚಣಿ ಆಯ್ತು ಕಣಕ್ಕ. ಒಸಿ ಬಾಯಿ ಸಿಹಿ ಮಾಡ್ಕೊ."

ಯಲ್ಲಮ್ಮ ನಕ್ಕು ಲೋಟ ತೆಗೆದುಕೊಂಡಳು. ಒಂದು ಗುಟುಕು ಕುಡಿಯುವಷ್ಟರಲ್ಲಿ ಹೊಟ್ಟೆ ಉರಿಯಿತು. ಇಬ್ಬರೂ ಒಂದೇ ದಿನ ಮಕ್ಕಳನ್ನು ಪಿಂಚಣಿಯ ತಪಾಸಣೆಗೆಂದು ರಾಮನಗರದ ಡಾಕ್ಟರ ಬಳಿಗೆ ಕರೆದೊಯ್ದಿದ್ದರು. ಅಂಕಮ್ಮ ನಿಲ್ಲಲೂ ಆಗದ ಮಗ ಸಿದ್ದನನ್ನು ಸೊಂಟದ ಮೇಲೆ ಹೊತ್ತು ಒಳಗೆ ಹೋದಳು. ಯಲ್ಲಮ್ಮ ಮಾತ್ರ ಮಗಳು ಚಿಕ್ಕತಾಯಿಗೆ ಹೊಸ ಲಂಗ ತೊಡಿಸಿ, ಕನಕಾಂಬರ ಮುಡಿಸಿ, "ಡಾಕ್ಟ್ರಿಗೆ ನಡ್ದು ತೋರ್ಸು ಮಗ" ಎಂದಿದ್ದಳು. ವರ್ಷಗಟ್ಟಲೆ ಎಣ್ಣೆ ತಿಕ್ಕಿ ನಡಿಗೆ ಕಲಿಸಿದ ಹೆಮ್ಮೆ ಅವಳದು. ಹುಡುಗಿ ಸೋತ ಕಾಲನ್ನು ಎಳೆಯುತ್ತಲೇ ಗೋಡೆಯಿಂದ ಗೋಡೆಗೆ ನಡೆದಳು. ನಡೆಯಬಲ್ಲಳೆಂದು ಡಾಕ್ಟರು ಬರೆದರು, ಅರ್ಜಿ ವಜಾ ಆಯಿತು. ಪಿಂಚಣಿ ಬಂದರೆ ಕೂಲಿ ಬಿಟ್ಟು ಮಗಳನ್ನು ದಿನಾ ಸ್ಕೂಲಿಗೆ ಕರೆದೊಯ್ಯುವ ಆಸೆಯೂ ಅಲ್ಲಿಗೇ ನಿಂತಿತು. ಮೇಲ್ಮನವಿ ಹಾಕಿದ್ದಕ್ಕೆ ನಾಳೆ ಮತ್ತೆ ತಪಾಸಣೆಗೆ ಕರೆದಿದ್ದರು.

ಅಂಕಮ್ಮ ಹೋದ ಮೇಲೆ ಯಲ್ಲಮ್ಮ ಸೊಪ್ಪನ್ನು ತಟ್ಟೆಗೆ ಎಸೆದಳು. "ಅವಳ ಅದೃಷ್ಟ ನೋಡು! ಮಗ ಎದ್ದೇ ನಿಲ್ಲಾಕಿಲ್ಲ, ಅವಳ್ನ ಯಾರೂ ಏನೂ ಕೇಳ್ಲಿಲ್ಲ."

ಗೋಡೆ ಹಿಡಿದು ಸೊಪ್ಪಿನ ಮಂಕರಿಯನ್ನು ಅವ್ವನ ಕಡೆ ನೂಕುತ್ತಿದ್ದ ಚಿಕ್ಕತಾಯಿ ಅಲ್ಲೇ ನಿಂತಳು.

"ನಾಳೆ ನೀನು ನಡೀಬ್ಯಾಡ ಕಣವ್ವ," ಎಂದಳು ಯಲ್ಲಮ್ಮ. "ನಾನೇ ಎತ್ಕಂಡೋಯ್ತೀನಿ."

ಹುಡುಗಿ ಮೆಲ್ಲಗೆ ನೆಲಕ್ಕೆ ಕುಳಿತು, ಎರಡೂ ಕಾಲನ್ನು ಲಂಗದೊಳಗೆ ಎಳೆದುಕೊಂಡಳು.

"ಅವ್ವಾ, ನಾನೂ ಸಿದ್ದನಂಗೇ ಇದ್ದಿದ್ರೆ ನಿಂಗೆ ಚೆಂದಾಗಿರ್ತಿತ್ತಾ?"