ಹೆಬ್ಬೆರಳಿಗೆ ಪಟ್ಟಿ

"ಕೈ ಚಾಚು, ತುಳಸವ್ವ," ಎಂದಳು ತ್ರಿಶಲಾ, ನೇಲ್ ಕಟರ್ ಹಿಡಿದು.

ನಿಪ್ಪಾಣಿಯ ಮಹಿಳಾ ಮಂಡಳದ ಬಾಗಿಲಲ್ಲಿ ಸಾಲು ನಿಂತಿತ್ತು. ಇಸ್ಪೀಟಿನ ಮೆಂಡಿಕೋಟ್ ಪಂದ್ಯಾವಳಿಗೆ ಬಂದ ಹೆಂಗಸರು ಮೊಬೈಲ್ ಬುಟ್ಟಿಗೆ ಹಾಕಿ, ಉಗುರು ಕತ್ತರಿಸಿಕೊಂಡು ಒಳಗೆ ಹೋಗುತ್ತಿದ್ದರು. ಹತ್ತರ ಎಲೆಗಳನ್ನು ಹೆಚ್ಚು ಗೆದ್ದ ಜೋಡಿಗೆ ಜಯ ಸಿಗುವ ಆಟ ಅದು. ಹೋದ ವರ್ಷ ಫೈನಲ್ ಮುಗಿದ ಮೇಲೆ ನೋಡಿದರೆ ನಾಲ್ಕೂ ಹತ್ತುಗಳ ಬೆನ್ನಿಗೆ ಗುರುತಿಗೆಂದು ಎಳೆದ ಸಣ್ಣ ಗೀರುಗಳಿದ್ದವು. ಯಾರ ಕೆಲಸವೆಂದು ತಿಳಿಯಲಿಲ್ಲ. ಎಲ್ಲರ ಕಣ್ಣು ಮಾತ್ರ ತುಳಸವ್ವನ ಹೆಬ್ಬೆರಳಿನ ಉದ್ದ ಉಗುರಿನ ಮೇಲೆ ಹೋಗಿ ನಿಂತಿತ್ತು. ಮಂಡಳದ ಅಧ್ಯಕ್ಷೆ, ನಿವೃತ್ತ ಶಿಕ್ಷಕಿ ತ್ರಿಶಲಾ ಈ ಸಲ ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದ್ದಳು.

"ಇದನ್ನ ಕೊಯ್ಯಾಕ ಬರಂಗಿಲ್ರಿ, ಬಾಯಾರ."

"ಎಲ್ಲಾರಿಗೂ ಒಂದ ನಿಯಮ ಐತಿ."

"ಹೌದ್ರಿ. ಆದ್ರ ಎಲ್ಲಾರಿಗೂ ಇದು ಉಗುರು, ನನಗ ಹತಾರ. ಬೀಡಿ ಸುತ್ತಿ ಅದರ ಬಾಯಿ ಇದರಿಂದನ ಮಡಚತೀನಿ. ಕೊಯ್ದರ, ಇದು ಬೆಳೆಯೂತನಕ ಏನ ಉಣ್ಣೂದ್ರಿ?"

ತ್ರಿಶಲಾ ಔಷಧದ ಡಬ್ಬಿಯಿಂದ ಬಿಳಿ ಪಟ್ಟಿ ತಂದಳು. ಉಗುರು ಮುಚ್ಚುವಂತೆ ಹೆಬ್ಬೆರಳಿಗೆ ಮೂರು ಸುತ್ತು ಸುತ್ತಿದಳು. ತುಳಸವ್ವ ಮೊಬೈಲ್ ಬುಟ್ಟಿಗೆ ಹಾಕಿ ಒಳಗೆ ಹೋದಳು.

ಅವಳು ಎಲೆ ಎತ್ತಿದಾಗಲೆಲ್ಲ ಪಟ್ಟಿ ಎದ್ದು ಕಾಣುತ್ತಿತ್ತು. ಪಕ್ಕದ ಮೇಜುಗಳಲ್ಲಿ ಪಿಸುಮಾತು ನಡೆದಿತ್ತು. "ಇದೆಲ್ಲಾ ನಮಗ ಯಾಕ ಬೇಕು? ಮನಿಗಿ ಹೋಗೂಣು ನಡಿ," ಎಂದಳು ಅವಳ ಜೋಡಿಯಾಗಿ ಆಡುತ್ತಿದ್ದ, ಅವಳದೇ ಓಣಿಯ ನೀಲಮ.

"ಆಡಾಕ ಬಂದೇವಿ. ಆಡೂಣು."

ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಫೈನಲ್ ಮುಟ್ಟಿದರು. ಹೋದ ವರ್ಷದ ಹಾಗೆಯೇ ಎದುರಿಗೆ ಕುಳಿತವರು ತ್ರಿಶಲಾಳ ಒಡಹುಟ್ಟಿದ ಅಕ್ಕ ಲಕ್ಷ್ಮಿಬಾಯಿ ಮತ್ತು ಅವಳ ಜೋಡಿ ಪೂನಮ. ಎಲ್ಲರ ಮುಂದೆ ಸೀಲು ಒಡೆದು ಹೊಸ ಕಟ್ಟು ತೆಗೆದರು. ನಾಲ್ಕು ಆಟ ಮುಗಿದ ಮೇಲೆ, ನಿಯಮದಂತೆ ತ್ರಿಶಲಾ ಕಟ್ಟನ್ನು ಕಿಟಕಿಯ ಬೆಳಕಿಗೆ ಒಯ್ದು ಒಂದೊಂದೇ ಎಲೆ ಓರೆಯಾಗಿ ಹಿಡಿದು ನೋಡಿದಳು.

ನಾಲ್ಕೂ ಹತ್ತುಗಳ ಬೆನ್ನಿಗೆ ಗೀರು. ಹೋದ ವರ್ಷ ಇದ್ದ ಜಾಗದಲ್ಲೇ.

ತುಳಸವ್ವನ ಪಟ್ಟಿ ಒಂದೆಳೆಯೂ ಸಡಿಲವಾಗಿರಲಿಲ್ಲ. ಉಳಿದ ಮೂವರ ಉಗುರುಗಳನ್ನು ತ್ರಿಶಲಾ ತಾನೇ ಕತ್ತರಿಸಿದ್ದಳು. ಅವಳು ಎಲೆಗಳಿಂದ ತಲೆ ಎತ್ತಿದಾಗ ಲಕ್ಷ್ಮಿಬಾಯಿ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು.

"ಅಕ್ಕಾ, ಕೈ ತೋರಸು."

ಉಂಗುರದ ಚೂಪು ಹರಳು ಅಂಗೈ ಕಡೆಗೆ ತಿರುಗಿತ್ತು.

"ಆಟದಾಗ ಏನ ದೊಡ್ಡದೈತಿ, ತ್ರಿಶಲಾ? ಇಷ್ಟ ಮಂದಿ ಮುಂದ ನನ್ನ ಮಾನ ಕಳೀಬ್ಯಾಡ."

"ಹೋದ ವರ್ಷಾನೂ ನೀನ?"

ಲಕ್ಷ್ಮಿಬಾಯಿ ತಲೆ ತಗ್ಗಿಸಿದಳು. ತ್ರಿಶಲಾ ಎಲೆಗಳನ್ನು ಮೇಜಿನ ಮೇಲಿಟ್ಟಳು. ಮೈಕಿನ ಮುಂದೆ ಹೋಗಿ, ಅಕ್ಕನ ಹೆಸರು ಹೇಳಿ ಅವಳ ಜೋಡಿಯನ್ನು ಪಂದ್ಯದಿಂದ ಹೊರಗಿಟ್ಟಳು. ಗೆದ್ದವರು ತುಳಸವ್ವ ಮತ್ತು ನೀಲಮ ಎಂದು ಸಾರಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ.

"ತುಳಸವ್ವ, ನಿನ್ನ ಮ್ಯಾಲ ಸಂಶೆ ಪಟ್ಟಿದ್ದು ತಪ್ಪು. ಎಲ್ಲಾರ ಮುಂದ ಒಪ್ಪಕೋತೀನಿ."

ತುಳಸವ್ವ ಎದ್ದು ನಿಂತಳು. "ಇಲ್ಲಿ ಹೇಳಿದ್ರ ಹೆಂಗ್ರಿ, ಬಾಯಾರ? ಹೋದ ವರ್ಷ ಮಾತು ನಮ್ಮ ಓಣಿಗಿ ಬಂತು. ಕೂಡಿ ಬೀಡಿ ಕಟ್ಟೂ ಹೆಂಗಸರು ನನ್ನ ಬಾಜೂಕ ಕುಂದ್ರೂದು ಬಿಟ್ರು. ಅಲ್ಲಿಗಿ ಬಂದು ಹೇಳ್ರಿ."

ತ್ರಿಶಲಾ ಮೈಕು ಕೆಳಗಿಟ್ಟು, ಹೊರಗೆ ಬಂದು ಚಪ್ಪಲಿ ಮೆಟ್ಟಿದಳು. ಆ ಓಣಿಯ ಮಕ್ಕಳಿಗೆ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದ್ದಳು, ಓಣಿಗೆ ಒಮ್ಮೆಯೂ ಹೋಗಿರಲಿಲ್ಲ. ರಸ್ತೆಗೆ ಇಳಿದು ನಾಲ್ಕು ಹೆಜ್ಜೆ ನಡೆದು, ತಿರುವಿನಲ್ಲಿ ನಿಂತು, ಹಿಂದೆ ಬಂದ ತುಳಸವ್ವನ ಕಡೆ ತಿರುಗಿದಳು.

"ಯಾವ ಕಡೆ ಹೋಗಬೇಕ್ರಿ?"